ಏಳು ಮೆಟ್ಟಿಲಿನ ಪಾಠ

ಶಾಲೆಯ ಸಭಾಂಗಣಕ್ಕೆ ಏಳು ಮೆಟ್ಟಿಲು. ಕಟ್ಟಿದ ಪುಣ್ಯಾತ್ಮ ಅಳತೆ ತಪ್ಪಿದ್ದ. ಮೊದಲನೆಯದು ಮೊಣಕಾಲೆತ್ತರ, ಮೇಲೆ ಹೋದಂತೆ ಒಂದಕ್ಕಿಂತ ಒಂದು ಗಿಡ್ಡ. ಎಲ್ಲರೂ ಎಡವಿ ಅವನನ್ನು ಶಪಿಸುತ್ತಿದ್ದರೆ, ವಿಜ್ಞಾನದ ಮೇಷ್ಟ್ರು ಮಾತ್ರ ಮೂವತ್ತೆರಡು ವರ್ಷದಿಂದ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದರು. ಪರಮಾಣುವಿನ ಶಕ್ತಿಮಟ್ಟಗಳೂ ಹೀಗೇ, ಮೇಲಕ್ಕೆ ಹೋದಂತೆ ಹತ್ತಿರವಾಗುತ್ತವೆ.

ಪ್ರತಿವರ್ಷ ಮಕ್ಕಳೇ ಎಲೆಕ್ಟ್ರಾನುಗಳು. "ಶಕ್ತಿ ಸಿಕ್ರೆ ಹತ್ತು. ಇಳಿದ್ರೆ ಬೆಳಕು ಕೊಡು. ನಡುವೆ ಮಾತ್ರ ನಿಲ್ಲೋ ಹಾಗಿಲ್ಲ." ಇಳಿಯುವ ಮಗು ಮೇಷ್ಟ್ರ ಟಾರ್ಚ್ ಹೊತ್ತಿಸಬೇಕು. ಬಣ್ಣವೆಲ್ಲ ಹೋದ ಆ ಟಾರ್ಚ್ ನಿವೃತ್ತಿಯ ದಿನವೂ ಅವರ ಜೇಬಿನಲ್ಲಿತ್ತು. ನಾಳೆಯಿಂದ ಪಾಠ ಬೇರೆಯವರದು, ಮೆಟ್ಟಿಲಾದರೂ ಉಳಿದರೆ ಸಾಕು ಅಂದುಕೊಂಡೇ ಬಂದಿದ್ದರು.

ನೋಡಿದರೆ ಗಾರೆಯವನು ಮೆಟ್ಟಿಲು ಅಳೆಯುತ್ತಿದ್ದ. ಅವರದೇ ಹಳೆಯ ಶಿಷ್ಯ.

"ಏನಯ್ಯಾ ಇದು?"

"ಇದನ್ನ ಮುಚ್ಚಿ ಇಳಿಜಾರು ಮಾಡ್ಬೇಕಂತೆ ಸರ್. ಸಂಜೆ ನಿಮ್ಮ ಸಮಾರಂಭಕ್ಕೆ ಹಲಗೆಯಾದ್ರೂ ಹಾಸ್ಬೇಕು."

ಮೇಷ್ಟ್ರು ಮೆಟ್ಟಿಲಿಗೆ ಅಡ್ಡ ನಿಂತರು. "ಇಳಿಜಾರಲ್ಲಿ ಎಲ್ಲಿ ಬೇಕಾದ್ರೂ ನಿಲ್ಲಬಹುದು ಕಣೋ. ಆಮೇಲೆ ಆ ಪಾಠ ಯಾರ ತಲೆಗೆ ಹೋಗತ್ತೆ? ನೀನು ಮೂರನೇ ಮೆಟ್ಟಿಲಲ್ಲಿ ನಿಂತಿದ್ದೆ, ನೆನಪಿದೆಯಾ?"

"ನಾಲ್ಕನೇದು ಸರ್." ಗಾರೆಯವನ ಕಣ್ಣು ಒದ್ದೆಯಾಯಿತು. ಕರಣೆ, ಹಲಗೆ ಎಲ್ಲ ಗಾಡಿಗೆ ಹೇರಿಕೊಂಡು ಹೊರಟೇಬಿಟ್ಟ.

ಗೆದ್ದ ಖುಷಿಗೆ ಮೇಷ್ಟ್ರು ನಾಲ್ಕನೇ ಮೆಟ್ಟಿಲು ಹತ್ತಿದರು. ಇಷ್ಟು ವರ್ಷ ಕೆಳಗೆ ನಿಂತು ಪಾಠ ಮಾಡಿದವರು, ಸ್ವತಃ ಒಮ್ಮೆಯೂ ಎಲೆಕ್ಟ್ರಾನ್ ಆಗಿರಲಿಲ್ಲ. ಟಾರ್ಚ್ ಹೊತ್ತಿಸಿ ಕೆಳಕ್ಕೆ ಹಾರಿದರು. ಕಾಲು ಉಳುಕಿತು.

ಸಂಜೆ ವ್ಯಾಯಾಮದ ಮೇಷ್ಟ್ರೂ ಜವಾನನೂ ಅವರನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿ ಎತ್ತಿದರು. ಡ್ರಾಯಿಂಗ್ ಟೀಚರ್ ಮೇಲಿನಿಂದ, "ಎಡಕ್ಕೆ. ಅಲ್ಲ, ನನ್ನ ಎಡಕ್ಕೆ," ಎನ್ನುತ್ತಿದ್ದರು. ಮೆಟ್ಟಿಲು ಕಟ್ಟಿದ ಪುಣ್ಯಾತ್ಮ ಪಕ್ಕದ ಕಂಬಿಗಳ ಅಳತೆಯಲ್ಲೂ ತಪ್ಪಿದ್ದ, ಮೇಲೆ ಹೋದಂತೆ ಅವೂ ಹತ್ತಿರ. ನಾಲ್ಕನೇ ಮೆಟ್ಟಿಲು ದಾಟಿ ಐದು ಮುಟ್ಟುವ ಮುಂಚೆ ಕುರ್ಚಿ ಕಂಬಿಗಳ ನಡುವೆ ಸಿಕ್ಕಿಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಮುಖ್ಯೋಪಾಧ್ಯಾಯಿನಿ ಹಣೆ ಒತ್ತಿಕೊಂಡರು. "ನಿಮ್ಮ ಮಂಡಿನೋವು ನೋಡಿ ನಾವೆಲ್ಲ ಸೇರಿ ಇಳಿಜಾರು ಮಾಡಿಸ್ತಿದ್ವಿ ಸರ್. ಮುಂದಿನ ವರ್ಷವೂ ವಾರಕ್ಕೊಂದು ಪಾಠಕ್ಕೆ ನೀವೇ ಬರ್ಲಿ ಅಂತ. ಅದೇ ನಿಮ್ಮ ಉಡುಗೊರೆ ಆಗಿತ್ತು."

ಅಷ್ಟರಲ್ಲಿ ಸಭಾಂಗಣದೊಳಗೆ ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ಬಾಗಿಲಿಗೆ ಬಂದಳು.

"ಸರ್, ನಡುವೆ ನಿಲ್ಲೋ ಹಾಗಿಲ್ಲ ಅಂದಿದ್ರಲ್ಲ?"

ಮೇಷ್ಟ್ರು ಜೇಬಿನಿಂದ ಟಾರ್ಚ್ ತೆಗೆದು ಗುಂಡಿ ಒತ್ತಿದರು. ಅದು ಬೆಳಿಗ್ಗೆ ಹಾರಿದಾಗಲೇ ಒಡೆದುಹೋಗಿತ್ತು.