ಪಾಸ್‌ವರ್ಡ್ ಕಾಯ್ದ ಮೃತ್ಯುಂಜಯ

ದಾವಣಗೆರೆಯಿಂದ ಈ-ಮೇಲ್ ಬರಬೇಕಿತ್ತು. ಮಗಳು ಅಕ್ಷತಾಳನ್ನು ನೋಡಿಕೊಂಡು ಹೋದ ಗಂಡಿನ ಕಡೆಯವರು ವಾರದೊಳಗೆ ಬರೆದು ತಿಳಿಸುತ್ತೇವೆ ಎಂದಿದ್ದರು. ಹತ್ತು ದಿನವಾದರೂ ಮೃತ್ಯುಂಜಯನ ಕಂಪ್ಯೂಟರಿಗೆ ಒಂದು ಪತ್ರವೂ ಬಂದಿರಲಿಲ್ಲ. ಮೇಲ್ ಪ್ರೋಗ್ರಾಂ ತೆರೆದರೆ ಮೋಡೆಮ್ಮು ಗಂಟಲು ಕಟ್ಟಿದ ಹುಂಜದ ಹಾಗೆ ಕಿರುಚಿ, ಏನೋ ಎರರ್ ತೋರಿಸಿ ತೆಪ್ಪಗಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಹಾಲು ತರಲು ಹೋದಾಗ ಪಕ್ಕದ ಮನೆಯ ಚನ್ನಬಸವಯ್ಯನವರು ಜಗಲಿಯಿಂದಲೇ ಕೇಳಿದರು. “ಏನ್ರೀ ಮೃತ್ಯುಂಜಯ, ದಾವಣಗೆರೆಯವ್ರು ಇನ್ನೂ ಏನೂ ಬರೆದಿಲ್ವಾ?”

ಮೃತ್ಯುಂಜಯ ಹಾಲಿನ ಪ್ಯಾಕೆಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಮನೆಯತ್ತ ಓಡಿದ. ಆ ವಿಷಯವನ್ನು ಅವನು ಇಡೀ ಅಗ್ರಹಾರದಲ್ಲಿ ಒಬ್ಬರಿಗೂ ಹೇಳಿರಲಿಲ್ಲ!

“ಆ ಮನುಷ್ಯ ನಮ್ಮ ಪತ್ರ ಕದ್ದು ಓದ್ತಿದಾನೆ ಕಣೇ,” ಎಂದು ಒಳಗೆ ಬಂದು ಹೆಂಡತಿ ಮಂಜುಳಮ್ಮನ ಕಿವಿಯಲ್ಲಿ ಪಿಸುಗುಟ್ಟಿದ. “ಹೋದ ತಿಂಗಳು ತಾನೆ ಕಂಪ್ಯೂಟರ್ ತಗೊಂಡ. ಇಬ್ಬರದೂ ಫೋನಿನ ತಂತಿ ಒಂದೇ ಕಂಬದಿಂದ ಬರುತ್ತೆ.”

“ಕಂಬದಲ್ಲಿ ಕೂತ್ಕೊಂಡು ಓದ್ತಾರೇನ್ರೀ? ಸುಮ್ನೆ ರಿಪೇರಿಯವ್ರನ್ನ ಕರೀರಿ.”

ಮಂಡಿ ಮೊಹಲ್ಲಾದಿಂದ ಕಂಪ್ಯೂಟರ್ ರಿಪೇರಿಯ ಲಿಂಗರಾಜು ಬಂದ. ಸ್ವಲ್ಪ ಹೊತ್ತು ಮೌಸು ಆಡಿಸಿ, “ಇದು ಕೆಟ್ಟೋಗಿದೆ ಸಾರ್. ಬೇರೆ ಪ್ರೋಗ್ರಾಂ ಹಾಕೋಣ. ನಿನ್ನೆ ಪಕ್ಕದ್ಮನೆಗೂ ಅದನ್ನೇ ಹಾಕ್ಬುಟ್ಟು ಬಂದೆ, ಬೊಂಬಾಟಾಗಿದೆ,” ಎಂದ.

ಪಕ್ಕದ್ಮನೆ! ಮೃತ್ಯುಂಜಯ ಕುರ್ಚಿ ಎಳೆದುಕೊಂಡು ಲಿಂಗರಾಜುವಿನ ಬೆರಳುಗಳನ್ನೇ ಕಾಯುತ್ತ ಕೂತ. ಹೊಸ ಪ್ರೋಗ್ರಾಂ ಸಿ.ಡಿ.ಯಿಂದ ಇಳಿಯಲು ಮುಕ್ಕಾಲು ಗಂಟೆ. ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು, ಮತ್ತೆ ಮೊದಲಿನಿಂದ. ಲಿಂಗರಾಜು ನೀರು ಕುಡಿಯಲು ಎದ್ದರೆ ಮೃತ್ಯುಂಜಯನೂ ಎದ್ದು ಹಿಂದೆ ಹೋದ.

“ಪಾಸ್‌ವರ್ಡ್ ಹೇಳಿ ಸಾರ್.”

“ನಿನಗ್ಯಾಕೆ?”

“ಅದಿಲ್ದೆ ಮೇಲ್ ಎಂಗೆ ಬರುತ್ತೆ?”

“ನಾನೇ ಹೊಡೀತೀನಿ. ನೀನು ಆ ಕಡೆ ತಿರುಗು.”

ಲಿಂಗರಾಜು ಗೋಡೆಗೆ ಮುಖ ಮಾಡಿ ಕ್ಯಾಲೆಂಡರ್ ಓದತೊಡಗಿದ. ಮೃತ್ಯುಂಜಯ ಕೀಬೋರ್ಡಿನ ಮೇಲೆ ಟವಲ್ ಹೊದಿಸಿ, ಅದರೊಳಗೆ ಕೈ ತೂರಿಸಿ, ತಡಕಾಡುತ್ತ ಹೊಡೆದ. ತಪ್ಪು. ಮತ್ತೆ ಹೊಡೆದ. ತಪ್ಪು. ನಾಲ್ಕನೆಯ ಸಲವೂ ತಪ್ಪು.

“ಟವಲ್ ತೆಗೀರಿ ಸಾರ್...”

“ತಿರುಗಬೇಡ ಅಂದೆ!”

ಲಿಂಗರಾಜುವಿಗೆ ಸಾಕಾಗಿಹೋಯಿತು. ಗೋಡೆ ನೋಡುತ್ತಲೇ ಜೇಬಿನಿಂದ ಫ್ಲಾಪಿ ತೆಗೆದು ಕೈ ಹಿಂದಕ್ಕೆ ಚಾಚಿದ. “ಇದ್ರಲ್ಲಿ ಸೆಟ್ಟಿಂಗ್ ಎಲ್ಲಾ ರೆಡಿ ಇದೆ. ಹಾಕಿ, ಓಕೆ ಒತ್ತಿ. ಆದ್ರೆ ಅದ್ರಲ್ಲಿರೋ ಹೆಸರು ಮಾತ್ರ...”

“ಮಾತಾಡ್ಬೇಡ!” ಮೃತ್ಯುಂಜಯ ಫ್ಲಾಪಿ ತುರುಕಿ ಓಕೆ, ಓಕೆ, ಓಕೆ ಎಂದು ಒತ್ತಿದ.

ಮೋಡೆಮ್ಮು ಕಿರುಚಿತು. ಐದು ಪತ್ರಗಳು ಸಾಲಾಗಿ ಬಂದು ನಿಂತವು. ಮೂರನೆಯದು ದಾವಣಗೆರೆಯದು!

“ಬಂತು ಕಣೇ!” ಎಂದು ಕೂಗಿ ತೆರೆದ.

‘ಚನ್ನಬಸವಯ್ಯನವರಿಗೆ ಶರಣು. ಹೋದ ವಾರ ಫೋನಿನಲ್ಲಿ ಹೇಳಿದಂತೆ ಬರೆಯುತ್ತಿದ್ದೇವೆ. ಹುಡುಗಿ ನಮಗೆ ಒಪ್ಪಿಗೆ. ನೀವು ಪಕ್ಕದಲ್ಲೇ ಇರುವವರು. ಆ ಮನೆಯವರು ಎಂಥ ಜನ, ನಂಬಬಹುದೇ, ಒಂದು ಮಾತು ಬರೆಯಿರಿ. ನಿಮ್ಮ ಜವಾಬು ನೋಡಿಕೊಂಡು ಅವರಿಗೆ ತಿಳಿಸುತ್ತೇವೆ.’

ಮೃತ್ಯುಂಜಯ ಎರಡು ಸಲ ಓದಿದ. ಲಿಂಗರಾಜು ತಿರುಗಿ ನೋಡಿ ಹಣೆ ಚಚ್ಚಿಕೊಂಡ. “ಅಯ್ಯೋ ಸಾರ್, ಹೆಸರು, ಪಾಸ್‌ವರ್ಡ್ ಬದಲಾಯಿಸಿ ಅನ್ನೋಕ್ಕೆ ಬಿಟ್ರಾ? ಅದು ಪಕ್ಕದ್ಮನೆ ಸೆಟ್ಟಿಂಗು! ಅವರ ಪತ್ರ ಎಲ್ಲಾ ಇಲ್ಲಿಗೆ ಬಂದ್ಬುಟ್ಟಿದೆ!”

“ಲಿಂಗರಾಜು ಇಲ್ಲಿದಾನೇನಮ್ಮ?” ಚನ್ನಬಸವಯ್ಯನವರು ಮಂಜುಳಮ್ಮನನ್ನು ಕೇಳುತ್ತ ಒಳಗೇ ಬಂದುಬಿಟ್ಟರು. “ದಾವಣಗೆರೆಯವ್ರು ಫೋನ್ ಮಾಡಿ ಕಾಗದ ಕಳಿಸಿದೀವಿ ಅಂತಾರೆ. ನನ್ನ ಕಂಪ್ಯೂಟರಲ್ಲಿ ಒಂದೂ ಇಲ್ಲ ಕಣಯ್ಯ...”

ಅಷ್ಟರಲ್ಲಿ ಅವರ ಕಣ್ಣು ಕಂಪ್ಯೂಟರಿನ ಕಡೆ ಹೋಯಿತು. ಕನ್ನಡಕ ಏರಿಸಿ, ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಮೃತ್ಯುಂಜಯ ಅವಸರದಲ್ಲಿ ಟವಲನ್ನು ಪರದೆಯ ಮೇಲೆ ಹೊದಿಸಿದ.

ಚನ್ನಬಸವಯ್ಯನವರು ನಿಧಾನವಾಗಿ ಕುರ್ಚಿ ಎಳೆದುಕೊಂಡು ಕೂತರು.

“ನನ್ನ ಕಾಗದ ಹೆಂಗೂ ಓದಿದ್ದಾಯ್ತಲ್ಲ ಮೃತ್ಯುಂಜಯ,” ಎಂದರು. “ಜವಾಬನ್ನೂ ನೀವೇ ಹೇಳಿ. ಎಂಥ ಜನ ಅಂತ ಬರೀಲಿ?”