ಮೊಟ್ಟೆ ನನ್ನದು, ಕುತ್ತಿಗೆ ತುಂಡು ಕೃಷ್ಣಪ್ಪನದು

ಹೊಸದಾಗಿ ಆಟ ಕಲಿಯುವವನು ತನ್ನ ಮೈಯನ್ನು ಹೇಗೆ ಕಾಪಾಡಿಕೊಳ್ಳಬೇಕೆಂದು ಹೇಳಿಕೊಡಲು ಬೇಕಾದಷ್ಟು ಜನರಿದ್ದಾರೆ. ಅವನಿಂದ ಉಳಿದವರು ತಮ್ಮ ಮೈಯನ್ನು ಹೇಗೆ ಕಾಪಾಡಿಕೊಳ್ಳಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ. ಈಚೆಗೆ ಕೋಲಾರದಿಂದ ಬರುವಾಗ ಹೆದ್ದಾರಿಯ ಪಕ್ಕದ ಬಯಲಿನಲ್ಲಿ ಕೆಲವರು ಮುಖಕ್ಕೆ ಗಾಜಿನ ಮುಸುಕು ಹಾಕಿಕೊಂಡು, ಬಂದೂಕು ಹಿಡಿದು, ಒಬ್ಬರ ಮೇಲೊಬ್ಬರು ಬಣ್ಣದ ಗುಂಡು ಹಾರಿಸುತ್ತಿದ್ದುದನ್ನು ಬಸ್ಸಿನ ಕಿಟಕಿಯಿಂದ ಕಂಡೆ. ಪಕ್ಕದಲ್ಲಿದ್ದವರು, "ಅದು ಪೇಂಟ್‌ಬಾಲ್ ಅಂತ, ಫಾರಿನ್ ಆಟ. ನಮ್ಮ ಕಾಲದಲ್ಲಿ ಇವೆಲ್ಲ ಎಲ್ಲಿತ್ತು ಬಿಡಿ," ಎಂದರು. ನಾನು ತಲೆಯಾಡಿಸಿದೆ. ಎಪ್ಪತ್ತರ ದಶಕದಲ್ಲೇ ಮುಳಬಾಗಿಲು ತಾಲ್ಲೂಕಿನ ಬೈರಕೂರಿನಲ್ಲಿ, ಅದೂ ನನ್ನ ಸ್ವಂತ ಮದುವೆಯಲ್ಲಿ ನಾನು ಆ ಆಟ ಆಡಿದ್ದೆನೆಂದೂ ಅದರ ಪಾಪವನ್ನು ಇಂದಿಗೂ ಹೊತ್ತಿದ್ದೇನೆಂದೂ ಬಸ್ಸಿನಲ್ಲಿ ನಿಂತುಕೊಂಡು ಹೇಳುವುದು ಹೇಗೆ? ಇಲ್ಲಿ ಕುಳಿತು ಹೇಳುತ್ತೇನೆ.

ಆ ಕಡೆ ಮದುವೆಯ ಮರುದಿನ ಓಕುಳಿಯಾಡುವ ವಾಡಿಕೆ. ಕೊಪ್ಪರಿಗೆಯ ನೀರಿಗೆ ಅರಿಶಿನ, ಸುಣ್ಣ ಕದಡಿದರೆ ಕೆಂಪಗಾಗುತ್ತದೆ. ಅದನ್ನು ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಒಬ್ಬರಿಗೊಬ್ಬರು ಎರಚುತ್ತಾರೆ. ಎರಡು ಬಿಸಿಲು ಕಂಡರೆ ಬಣ್ಣ ಮಾಯ. ಜಗಲಿಯ ಮೇಲೆ ಕುಳಿತ ಹಿರಿಯರಿಗೆ ಎರಚಬಾರದು ಎನ್ನುವುದೊಂದೇ ಕಟ್ಟುಪಾಡು. ನಾನು ಮಾಲೂರಿನವನು, ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿಯ ಹೆಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದವನು. ಓಕುಳಿಯನ್ನು ದೂರದಿಂದ ನೋಡಿದ್ದೆನೇ ಹೊರತು ಆಡಿದವನಲ್ಲ. ನಿಶ್ಚಿತಾರ್ಥದ ದಿನ ನನ್ನ ಭಾವಿ ಬಾಮೈದ ಕೃಷ್ಣಪ್ಪ ಬಳಿಗೆ ಬಂದು, ಬಲು ವಿನಯದಿಂದ, "ಬಾವಾ, ಓಕುಳಿಗೆ ಒಂದು ಹಳೇ ಪಂಚೆ ತಂದ್ಕೊಳ್ಳಿ. ಹೊಸಾ ಅಳಿಯ ಅಂತ ನಾನೇನೂ ಬಿಡಲ್ಲ. ಜಾಗ್ರತ್ತ!" ಎಂದ. ಓಡುವ ಮೇಕೆಯ ಕೊಂಬಿನ ನಡುವೆ ಚೊಂಬಿನ ನೀರು ಬೀಳಿಸುವಷ್ಟು ಗುರಿಗಾರ ಅವನೆಂದು ಆಮೇಲೆ ತಿಳಿಯಿತು. ಆ ರಾತ್ರಿಯಿಂದ ನನಗೆ ಮದುವೆಯೆಂದರೆ ಹೆಂಡತಿ ನೆನಪಿಗೆ ಬರುತ್ತಿರಲಿಲ್ಲ, ಚೊಂಬು ಬರುತ್ತಿತ್ತು.

ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದ ಬಾಷಾ ಸಾಬರಿಗೆ ಈ ಸಂಕಟ ಹೇಳಿಕೊಂಡೆ. "ಮದುವೆ ಗಂಡು ಹೆದರ್ತಾರಾ ಸಾರ್? ಚೊಂಬಿಗೆ ಚೊಂಬು ಹಿಡಿದ್ರೆ ನೀವು ಸೋತ್ರಿ. ಅಂಡೆ ತಗೊಳ್ಳಿ, ಅಂಡೆ!" ಎಂದರು. ಅಂಡೆಯೆಂದರೆ ಮೊಟ್ಟೆ. ಅದಕ್ಕೆ ಸಣ್ಣ ತೂತು ಮಾಡಿ ಒಳಗಿನದನ್ನು ಬಸಿದು, ಬಣ್ಣ ತುಂಬಿ, ತೂತಿಗೆ ಮೇಣ ಮೆತ್ತುವುದನ್ನು ಅವರೇ ಕಲಿಸಿದರು. ಬಣ್ಣಕ್ಕೆ ಅರಿಶಿನ ಸುಣ್ಣ ತರಲೇ ಎಂದರೆ ನಕ್ಕುಬಿಟ್ಟರು. "ಅದ್ಯಾಕ್ ಸಾರ್? ನಮ್ಮ ಹೆಂಚಿಗೆ ಬಳಿಯೋ ಕೆಂಪು ಇಲ್ವಾ? ಹತ್ತು ಮಳೆಗಾಲ ಹೊಡೆದ್ರೂ ಹೋಗಲ್ಲ." ಇದನ್ನು ಅವರು ಹೆಮ್ಮೆಯಿಂದ ಹೇಳಿದರು, ನಾನು ಹೆಮ್ಮೆಯಿಂದ ಕೇಳಿದೆ. ಹೋಗದ ಬಣ್ಣದಿಂದ ಏನಾಗಬಹುದೆಂದು ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವರಿಗೆ ಹೊಳೆಯುವುದಿಲ್ಲ. ನಮ್ಮಲ್ಲಿ ಬಣ್ಣ ಹೋದರೆ ತಾನೇ ತೊಂದರೆ?

ಒಂದು ವಾರ ಊಟದ ಬಿಡುವಿನಲ್ಲಿ ಒಡೆದ ಹೆಂಚಿನ ಗುಡ್ಡೆಯ ಹಿಂದೆ ಅಭ್ಯಾಸ ನಡೆಯಿತು. ಕಂಬಕ್ಕೆ ಗುರಿಯಿಟ್ಟು ಎಸೆಯುತ್ತಿದ್ದೆ. ಕಂಬದ ಎಡಕ್ಕೂ ಬಲಕ್ಕೂ ನೆಲವೆಲ್ಲ ಕೆಂಪಾಯಿತು. ಕಂಬ ಮಾತ್ರ ಮದುವೆಗೆ ಹೋಗಲು ಸಿದ್ಧವಾದಂತೆ ಶುಭ್ರವಾಗಿ ನಿಂತಿತ್ತು. ಸಾಬರು ನಿಟ್ಟುಸಿರು ಬಿಟ್ಟು, "ಒಂದು ಕೆಲಸ ಮಾಡಿ ಸಾರ್. ಮರೆಯಲ್ಲಿ ನಿಂತು ಎಸೀರಿ. ಎಸೆದ ಮೇಲೆ ಅಲ್ಲಿ ನಿಲ್ಬೇಡಿ," ಎಂದರು. ಆರು ಮೊಟ್ಟೆಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತವುಡಿನ ನಡುವೆ ಹೂತು ಮದುವೆಗೆ ಒಯ್ದೆ. ಮದುವೆ ಮನೆಗೆ ಮೊಟ್ಟೆ ಒಯ್ಯುವುದೇ ಎಂದು ಒಮ್ಮೆ ಅಳುಕಾಯಿತು. ಒಳಗೆ ಮೊಟ್ಟೆಯೇ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆ ಮದುವೆಗೆ ಒಬ್ಬರು ವಿಶೇಷ ಅತಿಥಿ ಬಂದಿದ್ದರು: ನನ್ನ ಮಾವನ ಅಕ್ಕ, ಶ್ರೀನಿವಾಸಪುರದ ಪಾಪಮ್ಮತ್ತೆ. ಒಂಬತ್ತು ವರ್ಷದ ಹಿಂದೆ ನನ್ನ ಹೆಂಡತಿ ರತ್ನಳ ಕೊನೆಯ ತಂಗಿಗೆ ನಾಮಕರಣ ಮಾಡಿದಾಗ, ಸೋದರತ್ತೆಯಾದ ತಾನು ಬರುವ ಮೊದಲೇ ಹೆಸರಿಟ್ಟುಬಿಟ್ಟರೆಂದು ಮುನಿದು ಹೋದವರು ಮತ್ತೆ ಆ ಹೊಸಿಲು ತುಳಿದಿರಲಿಲ್ಲ. ಮಾವ ನಾಲ್ಕು ಸಲ ಹೋಗಿ ಕಾಲು ಹಿಡಿದು ಕರೆತಂದಿದ್ದರು. ಅಕ್ಕ ಬಂದಳೆಂಬ ಸಂತೋಷದಲ್ಲಿ ಅವರಿಗೆ ಮಗಳ ಮದುವೆಯೂ ಎರಡನೆಯ ಮಾತಾಗಿತ್ತು. ಅತ್ತೆ ಹಿಪ್ಪುನೇರಳೆ ಸೊಪ್ಪು ಹೊತ್ತು, ಹುಳು ಸಾಕಿ, ಆ ದುಡಿಮೆಯಲ್ಲಿ ಕೊಂಡ ಕೆನೆಬಣ್ಣದ ರೇಷ್ಮೆ ಸೀರೆಯುಟ್ಟು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು.

ಓಕುಳಿ ಶುರುವಾಯಿತು. ಕೃಷ್ಣಪ್ಪನ ಮೂರು ಚೊಂಬು ತಿಂದು ನಾನು ರಾಗಿ ಹುಲ್ಲಿನ ಮೆದೆಯ ಹಿಂದೆ ಅಡಗಿದೆ. ಅವನು ಹುಣಸೆ ಮರದ ಕೆಳಗೆ ನನ್ನನ್ನೇ ಹುಡುಕುತ್ತಿದ್ದ. ಮನೆದೇವರನ್ನು ನೆನೆದು, ಕಣ್ಣು ಮುಚ್ಚಿ ಎಸೆದೆ. ಮರ ಒಂದು ದಿಕ್ಕು, ಜಗಲಿ ಇನ್ನೊಂದು ದಿಕ್ಕು. ಮೊಟ್ಟೆ ಜಗಲಿಯನ್ನೇ ಆರಿಸಿಕೊಂಡಿತು. ಅತ್ತೆಯ ಹೆಗಲಿನಿಂದ ಮಡಿಲವರೆಗೆ ಹೆಂಚಿನ ಕೆಂಪು ಇಳಿಯಿತು.

"ಯಾವನ್ಲಾ ಅವ್ನು?" ಎಂದು ಎದ್ದರು ಅತ್ತೆ. "ಲೇ ವೆಂಕಟಪ್ಪಾ, ಈ ಮರ್ಯಾದೆ ಮಾಡಕ್ಕೇನೋ ನನ್ನ ಕರ್ಕೊಂಡ್ ಬಂದಿದ್ದು? ನನ್ನ ಚೀಲ ತಾ. ಬಸ್ಸಿಗೆ ಹೋಗ್ತೀನಿ." ಮಾವ ತಾಂಬೂಲದ ತಟ್ಟೆ ಹಿಡಿದುಕೊಂಡೇ ಅಕ್ಕನ ದಾರಿಗೆ ಅಡ್ಡ ಬಂದರು. ನಾನು ಮೆದೆಯ ಮರೆಯಿಂದ ಅರ್ಧ ಹೊರಗೆ ಬಂದಿದ್ದೆ, ಕೈಯಲ್ಲಿ ಎರಡನೆಯ ಮೊಟ್ಟೆ. ಕೃಷ್ಣಪ್ಪ ಒಮ್ಮೆ ನನ್ನ ಕೈ ನೋಡಿದ, ಒಮ್ಮೆ ತನ್ನ ಅಪ್ಪನ ಮುಖ ನೋಡಿದ. ಹೋಗಿ ಅತ್ತೆಯ ಕಾಲಿಗೆ ಬಿದ್ದ.

"ನಾನೇ ಅತ್ತೆ. ಬೇಕಾದ್ರೆ ಎರಡೇಟು ಹೊಡಿ. ಹೋಗ್ಬೇಡ."

"ನೀನೇ ಅಂತ ಗೊತ್ತು ಕಣೋ ಮುಂಡೇದೇ! ಈ ಸೀರೆ ಮೊದಲಿನಂಗೆ ಆಗೋವರೆಗೂ ನಾನಿಲ್ಲಿಂದ ಕದಲಲ್ಲ. ಒಗೀ!"

ಕೃಷ್ಣಪ್ಪ ಒಗೆದ. ಅಂಟುವಾಳ, ಹುಣಸೆಹಣ್ಣು, ಸೀಮೆಎಣ್ಣೆ, ಯಾವುದಕ್ಕೂ ನಮ್ಮ ಕಾರ್ಖಾನೆಯ ಕೆಂಪು ಜಗ್ಗಲಿಲ್ಲ. ಅತ್ತೆ ಬಾವಿಕಟ್ಟೆಯ ಮೇಲೆ ಕುಳಿತು ನಾಲ್ಕು ದಿನ ಒಗೆಸಿದರು. ಕುಳಿತಲ್ಲೇ ಊಟ ಮಾಡಿದರು, ನಾದಿನಿಯ ಕೈಯಲ್ಲಿ ತಲೆ ಬಾಚಿಸಿಕೊಂಡರು, ತಮ್ಮನನ್ನು ಬೈದರು, ಆಮೇಲೆ ಅವನೊಂದಿಗೆ ಅತ್ತರು. ಐದನೆಯ ದಿನ ಒಂಬತ್ತು ವರ್ಷದ ಆ ಹುಡುಗಿಗೆ ತಾನು ಇಡಬೇಕೆಂದಿದ್ದ ಹೆಸರನ್ನೂ ಇಟ್ಟು, ಕೆಂಪು ಕಲೆಯ ಸೀರೆಯನ್ನು ಮಡಿಸಿಕೊಂಡು ಊರಿಗೆ ಹೋದರು. ನಾನು ಬಾವಿಯ ಬಳಿ ಸುಳಿದಾಗ ಕೃಷ್ಣಪ್ಪ, "ನೀವು ಸುಮ್ನಿರಿ ಬಾವಾ. ಹೊಸ ಅಳಿಯ. ಬೈಸ್ಕೊಳ್ಳೋದು ನನಗೆ ಅಭ್ಯಾಸ," ಎಂದಿದ್ದ. ಅವನ ಮಾತನ್ನು ನಾನು ಅಷ್ಟು ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ ಸಲ.

ಅಲ್ಲಿಂದಾಚೆಗೆ ಪ್ರತಿವರ್ಷ ಯುಗಾದಿಯ ಮರುದಿನ, ವರ್ಷದ ತೊಡಕಿಗೆ, ಪಾಪಮ್ಮತ್ತೆಯ ಮನೆಯಲ್ಲಿ ನಮಗೆಲ್ಲ ನಾಟಿ ಕೋಳಿ ಸಾರಿನ ಊಟ. ಅತ್ತೆ ತೊಡೆ ತುಂಡನ್ನು ಹುಡುಕಿ ನನ್ನ ಎಲೆಗೆ ಹಾಕಿ, "ಅಳಿಯಂದ್ರು ಎಷ್ಟು ಸಾಧು!" ಎನ್ನುತ್ತಿದ್ದರು. ಕುತ್ತಿಗೆ ತುಂಡನ್ನು ಕೃಷ್ಣಪ್ಪನ ಎಲೆಗೆ ಹಾಕಿ, "ತಗೋ, ಮೊಟ್ಟೆ ಕಳ್ಳ," ಎನ್ನುತ್ತಿದ್ದರು. ಹನ್ನೊಂದು ವರ್ಷ ಹೀಗೇ ನಡೆಯಿತು. ಹನ್ನೆರಡನೆಯ ವರ್ಷ, ಎಂಬತ್ತರ ದಶಕದ ನಡುವೆ, ಕೃಷ್ಣಪ್ಪನ ಆರು ವರ್ಷದ ಮಗಳು, "ಅಪ್ಪಂಗೆ ಯಾಕೆ ಯಾವಾಗ್ಲೂ ಕುತ್ತಿಗೆ?" ಎಂದು ಕೇಳಿಬಿಟ್ಟಳು. ಅತ್ತೆ ಕಥೆ ಹೇಳಿದರು. ಮಗು ಅಪ್ಪನ ಕಡೆ ತಿರುಗಿ, "ನೀನು ಕೆಟ್ಟೋನಾ ಅಪ್ಪಾ?" ಎಂದಿತು. ಯಾವ ಮಾತಿಗೂ ನಗುವ ಕೃಷ್ಣಪ್ಪ ನಗಲಿಲ್ಲ. ನಾನು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದೆ.

"ಅತ್ತೆ, ಅದನ್ನ ಎಸೆದೋನು ನಾನು," ಎಂದೆ.

ಅತ್ತೆ ಸೌಟು ಹಿಡಿದು ನನ್ನನ್ನೇ ನೋಡಿದರು. ಆಮೇಲೆ ಅವರ ಕಣ್ಣು ತುಂಬಿತು. "ನೋಡ್ರೇ, ಬಾಮೈದನ ಮಾನ ಉಳ್ಸಕ್ಕೆ ಎಂಥ ಸುಳ್ಳು ಹೇಳ್ತಾರೆ! ದೇವರಂಥೋರು." ರತ್ನಳೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೃಷ್ಣಪ್ಪ, "ಹೌದತ್ತೆ, ಬಾವನೇ," ಎಂದ. "ಬಾಯ್ಮುಚ್ಚೋ! ಅವ್ರ ಕೈಲಿ ಸುಳ್ಳು ಹೇಳಿಸಿದ್ದೂ ಅಲ್ದೆ!" ಎಂದು ಅವನಿಗೆ ಇನ್ನಷ್ಟು ಬೈಗುಳ ಬಿತ್ತು. ನಾನು ಹಟ ಹಿಡಿದೆ. ಕೃಷ್ಣಪ್ಪನಿಗೆ ಗುರಿಯಿಟ್ಟದ್ದು ತಪ್ಪಿ ಬಿತ್ತೆಂದು ಆಣೆಯಿಟ್ಟೆ. "ಹಂಗಾದ್ರೆ ಎಸೆದು ತೋರ್ಸಿ," ಎಂದು ಅತ್ತೆ ಕೋಳಿಗೂಡಿನಿಂದ ಒಂದು ಮೊಟ್ಟೆ ತಂದು ಕೈಗಿಟ್ಟರು. ಕೃಷ್ಣಪ್ಪ ಅಂಗಳದ ಸೀಬೆ ಗಿಡದ ಪಕ್ಕದಲ್ಲಿ ನಿಂತ. ಅತ್ತೆ ಅಂದಿನಂತೆಯೇ ಜಗಲಿಯ ಮೇಲೆ ಕುಳಿತರು.

ನನಗೆ ನನ್ನ ಕೈಯ ಮೇಲೆ ಪೂರ್ಣ ಭರವಸೆ ಇತ್ತು. ಪ್ರಾಮಾಣಿಕವಾಗಿ ಕೃಷ್ಣಪ್ಪನಿಗೇ ಗುರಿಯಿಟ್ಟರೆ ಸಾಕು, ಮೊಟ್ಟೆ ತಾನಾಗಿ ತಪ್ಪುತ್ತದೆ, ಸತ್ಯ ಗೆಲ್ಲುತ್ತದೆ. ಕಣ್ಣು ಮುಚ್ಚಿ ಎಸೆದೆ. ಫಟ್ ಎಂದು ಸದ್ದಾಯಿತು. ಕಣ್ಣು ಬಿಟ್ಟರೆ ಮೊಟ್ಟೆ ಕೃಷ್ಣಪ್ಪನ ಎದೆಯ ನಟ್ಟನಡುವೆ ಒಡೆದಿತ್ತು. ನನ್ನ ಜೀವಮಾನದಲ್ಲಿ ಗುರಿ ಮುಟ್ಟಿದ ಎಸೆತ ಅದೊಂದೇ.

"ನೋಡಿದ್ರಾ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು. "ಕಣ್ಮುಚ್ಚಿ ಇಷ್ಟು ಗುರಿ ಹೊಡೆಯೋರು ಅವತ್ತು ತಪ್ತಿದ್ರಾ?"

ಎಲ್ಲರೂ ಮತ್ತೆ ಎಲೆಯ ಮುಂದೆ ಕುಳಿತೆವು. ಅತ್ತೆ ನನಗೆ ಎರಡನೆಯ ತೊಡೆ ತುಂಡನ್ನೂ ಬಡಿಸಿದರು. ಅಂಗಿಯ ಲೋಳೆ ಒರೆಸಿಕೊಂಡು ಪಕ್ಕದಲ್ಲಿ ಕುಳಿತ ಕೃಷ್ಣಪ್ಪನಿಗೆ ಮತ್ತೊಂದು ಕುತ್ತಿಗೆ. ಅವನ ಮಗಳು ಏನನ್ನಿಸಿತೋ, ತನ್ನ ಎಲೆಯಲ್ಲಿದ್ದ ಒಳ್ಳೆಯ ತುಂಡನ್ನೆತ್ತಿ ಅಪ್ಪನ ಎಲೆಗೆ ಹಾಕಿದಳು. ನನ್ನದನ್ನೂ ಹಾಗೆ ಎತ್ತಿ ಹಾಕಬೇಕೆಂದು ನನಗೂ ಅನ್ನಿಸಿತು. ಆದರೆ ಬಲು ಮೆತ್ತಗೆ ಬೆಂದಿತ್ತು. ತಿಂದುಬಿಟ್ಟೆ.