ಹಸಿರು ಪೊಟ್ಟಣದ ಕಾವಲು

ಬೆಳಿಗ್ಗೆ ಪರೀಕ್ಷಾ ಯಂತ್ರದ ಪರದೆ ಒಂದೇ ಒಂದು ಸಲ ಕಣ್ಣು ಮಿಟುಕಿಸಿತು. ಬೋ-ಹಾನ್ ಬಾಯಿಗಿಡಲಿದ್ದ ತಿಂಡಿಯನ್ನು ಹಾಗೇ ಕೆಳಗಿಟ್ಟ.

ಸಿಂಚು ನಗರದ ಅವನ ಕಂಪನಿ ಮಾಡುತ್ತಿದ್ದುದು ಲ್ಯಾಪ್‌ಟಾಪನ್ನು ದೊಡ್ಡ ಪರದೆಗೆ ಜೋಡಿಸುವ ಡಬ್ಬಿ. ಒಂದೇ ತಂತಿಯಲ್ಲಿ ಚಿತ್ರವೂ ಮಾಹಿತಿಯೂ ಓಡಿ ಬರುತ್ತವೆ. ಯಾವುದು ಯಾವ ದಾರಿ ಹಿಡಿಯಬೇಕೆಂದು ಒಳಗೆ ಕೂತ ಅಕ್ಕಿಕಾಳಿನಷ್ಟು ಸ್ವಿಚ್ ಚಿಪ್ಪು, ಸರ್ಕಲ್ಲಿನ ಪೊಲೀಸಿನವನಂತೆ, ತಿರುಗಿಸಿ ಕಳಿಸುತ್ತದೆ. ಮೊದಲು ಹಾಕಿ ನೋಡಿದ್ದ ಚಿಪ್ಪು ಚೆನ್ನಾಗಿಯೇ ಇತ್ತು. ಆದರೆ ಅದರ ಕಾರ್ಖಾನೆಯವರು ಅದನ್ನು ತಯಾರಿಸುವುದನ್ನೇ ನಿಲ್ಲಿಸಿಬಿಟ್ಟಿದ್ದರು. ಬೋ-ಹಾನ್ ತಿಂಗಳುಗಟ್ಟಲೆ ಪರೀಕ್ಷಿಸಿ ಬೇರೊಂದನ್ನು ಆರಿಸಿದ್ದ. ಮಧ್ಯಾಹ್ನ ಒಸಾಕಾದ ಗಿರಾಕಿ ಬಂದು ಮಾದರಿಗೆ ಸಹಿ ಹಾಕಬೇಕು. ಪರದೆ ಕಪ್ಪಾದರೆ ನಾಳೆಯಿಂದ ಬರುವುದೇ ಬೇಡ ಎಂದು ಮ್ಯಾನೇಜರ್ ಲಾಯ್ ನಗುತ್ತಲೇ ಹೇಳಿದ್ದ. ಆ ನಗುವಿಗೇ ಬೋ-ಹಾನ್ ಹೆಚ್ಚು ಹೆದರಿದ್ದು.

ಪಕ್ಕದ ಮೇಜಿನ ಚಿಯಾಂಗ್ ಇಣುಕಿದ. "ನಿನ್ನ ಚಿಪ್ಪಿನೊಳಗೇ ಸಂಕೇತ ಸೋರ್ತಿದೆ ಕಣೋ. ಜರಡೀಲಿ ನೀರು ಹೊತ್ತ ಹಾಗೆ."

ಇನ್ನೊಬ್ಬ ತನ್ನ ಭಾವಮೈದ ಮಾರುವ ಚಿಪ್ಪಿನ ಗುಣಗಾನ ತೆಗೆದ. ಅಷ್ಟರಲ್ಲಿ ಯಾರೋ ಪರೀಕ್ಷಾ ಯಂತ್ರದ ಮೇಲಿದ್ದ ಜೋಳದ ಪುರಿಯ ಹಸಿರು ಪೊಟ್ಟಣವನ್ನು ತಿರುವಿ ನೋಡಿ, ತಾರೀಖು ಮುಗಿದಿದೆ ಎಂದರು. ಆ ಊರಿನ ಯಂತ್ರದ ಕೋಣೆಗಳಲ್ಲೆಲ್ಲ ಒಂದು ನಂಬಿಕೆಯಿತ್ತು. ಹಸಿರು ಪೊಟ್ಟಣ ನೆತ್ತಿಯ ಮೇಲಿದ್ದರೆ ಯಂತ್ರ ಹಠ ಮಾಡುವುದಿಲ್ಲ; ಹಳದಿಯಾದರೆ, ಅವಧಿ ಮುಗಿದದ್ದಾದರೆ, ದೇವರೇ ಗತಿ. ಓದಿದವನಾದ ಬೋ-ಹಾನ್ ಇದನ್ನೆಲ್ಲ ನಂಬುತ್ತಿರಲಿಲ್ಲ. ಅವನ ಕಾಲುಗಳು ನಂಬಿ ಓಡಿದವು.

ಎರಡು ಅಂಗಡಿಯಲ್ಲಿ ಬರೀ ಹಳದಿ. ಮೂರನೆಯದರಲ್ಲಿ ಇದ್ದ ಒಂದೇ ಹಸಿರು ಪೊಟ್ಟಣ ಅಂಗಡಿಯ ಮುದುಕಿಯ ಗಲ್ಲಾಯಂತ್ರದ ಮೇಲೆ ಕೂತಿತ್ತು. ಅವಳು ಅವನ ಮುಖ ನೋಡಿ ಅದನ್ನೇ ಎತ್ತಿಕೊಟ್ಟಳು.

"ತಗೋ ಮಗಾ. ನನ್ನ ಯಂತ್ರ ಹೇಗೋ ಸುಧಾರಿಸ್ಕೊಳ್ಳುತ್ತೆ. ನೀನು ಸುಧಾರಿಸ್ಕೊಳ್ಳೋ ಹಾಗೆ ಕಾಣಲ್ಲ."

ಏದುಸಿರು ಬಿಡುತ್ತ ಬಂದರೆ ಗಿರಾಕಿ ನಿಶಿಗಾಕಿ ಆಗಲೇ ಕೂತಿದ್ದರು. ಬೋ-ಹಾನ್ ಯಂತ್ರದ ಮೇಲೆ ಪೊಟ್ಟಣ ಇಟ್ಟು, ಮೇಜಿನ ಮೇಲಿದ್ದ ಡಬ್ಬಿಗೆ ತಂತಿ ಚುಚ್ಚಿದ. ಚಿತ್ರ ಕೊಳದ ನೀರಿನಂತೆ ನಿಂತಿತು. ನಿಶಿಗಾಕಿ ತಂತಿಯನ್ನು ಮಗುಚಿ ಚುಚ್ಚಿದರು. ಆಗಲೂ ನಿಂತಿತು. ಅವರು ತಲೆಬಾಗಿ ಡಬ್ಬಿಯ ಮೇಲೆ ಸಹಿ ಹಾಕಿ, ಮೊಹರು ಒತ್ತಿ, ಕೈಚೀಲಕ್ಕೆ ಸೇರಿಸಿದರು. ಐದು ವರ್ಷ ಇದೇ ಬೇಕು, ಒಳಗಿನ ಒಂದು ಭಾಗವೂ ಬದಲಾಗಬಾರದು ಎಂದು ಹೇಳಿ ಹೊರಟರು. ಅವರನ್ನು ಬೀಳ್ಕೊಡಲು ಹೊರಟ ಲಾಯ್ ಮೊದಲ ಬಾರಿಗೆ ಬೋ-ಹಾನನ ಬೆನ್ನು ತಟ್ಟಿದ.

ಬೆಸುಗೆ ಹಾಕುವ ಯೂ-ಮೇ ಅಕ್ಕ ಬಿಸಿ ಸೋಯಾ ಹಾಲಿನ ಲೋಟ ತಂದು ಅವನ ಕೈಗಿತ್ತಳು. ಅವನು ಹಸಿದಿರುವುದು ಆ ಕೋಣೆಯಲ್ಲಿ ಅವಳಿಗೊಬ್ಬಳಿಗೇ ಕಂಡಿತ್ತು.

"ನಿನ್ನ ಪಾಡು ನೋಡೋಕಾಗ್ಲಿಲ್ಲ ಕಣಪ್ಪ," ಎಂದು ಪಿಸುಗುಟ್ಟಿದಳು. "ನೀನು ಆಚೆ ಹೋದಾಗ ನಿನ್ನ ಡಬ್ಬಿ ತೆಗೆದು, ನಮ್ಮ ಹಳೇ ಚಿಪ್ಪಿನ ಡಬ್ಬಿ ಇಟ್ಟುಬಿಟ್ಟೆ."

ಬೋ-ಹಾನ್ ಲೋಟ ಕೆಳಗಿಟ್ಟ. "ಆ ಚಿಪ್ಪು ಮಾಡೋದನ್ನೇ ನಿಲ್ಲಿಸಿದಾರೆ, ಅಕ್ಕಾ."

"ಅಯ್ಯೋ, ನನಗ್ಯಾರೂ ಹೇಳ್ಲಿಲ್ವಲ್ಲ." ಅವಳ ಕಣ್ಣು ತುಂಬಿತು. "ನಿಂದೂ ಚೆನ್ನಾಗೇ ಇತ್ತಪ್ಪ. ಆಮೇಲೆ ನೋಡಿದೆ, ಬೆಳಿಗ್ಗೆ ಪರದೆ ಮಿಟುಕಿಸಿದ್ದು ತಂತಿ ಸಡಿಲ ಆಗಿ, ಅಷ್ಟೇ."

ಬಾಗಿಲಿಂದ ಲಾಯ್ ಕೂಗಿದ, ನಗುತ್ತಲೇ. "ಬೋ-ಹಾನ್, ಅವರು ಸಹಿ ಹಾಕಿದ ಡಬ್ಬೀಲಿರೋ ಚಿಪ್ಪನ್ನೇ ಲಕ್ಷ ಡಬ್ಬಿಗೆ ಇವತ್ತೇ ತರಿಸು."

ಬೋ-ಹಾನ್ ಯಂತ್ರದ ಮೇಲಿನ ಹಸಿರು ಪೊಟ್ಟಣವನ್ನು ಮೆಲ್ಲಗೆ ಎತ್ತಿ ತನ್ನ ನೆತ್ತಿಯ ಮೇಲಿಟ್ಟುಕೊಂಡ.